ಪ್ರಾಥಮಿಕ ಶಾಲೆಗೂ ಆಪ್ತ ಸಮಾಲೋಚಕರು ಯಾಕೆ ಬೇಕು?

ಕೆಲವು ವರ್ಷಗಳ ಹಿಂದೆ ನನ್ನ ಎರಡನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಕಲಬುರಗಿ ಕಡೆಯ ಕುಟುಂಬ. ತಂದೆ ಕಟ್ಟಡ ಕೆಲಸಕ್ಕೆಂದು ಅಂಬರನಾಥಕ್ಕೆ ಬಂದಿದ್ದರು. ವರ್ಷದ ನಡುವೆ ಶಾಲೆಗೆ ಸೇರಿದ ಈ ಹುಡುಗ ಮೊದಲ ತಿಂಗಳು ಚೆನ್ನಾಗಿಯೇ ಇದ್ದ. ಆಮೇಲೆ ವಾರಕ್ಕೆ ಎರಡು ಮೂರು ಸಲ ಕ್ಲಾಸಿನಲ್ಲೇ ಚಡ್ಡಿ ಒದ್ದೆ ಮಾಡಿಕೊಳ್ಳತೊಡಗಿದ. ಉಳಿದ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದರು. "ರಿಸೆಸ್‌ನಲ್ಲಿ ಯಾಕೆ ಹೋಗಲ್ಲ?" ಅಂತ ನಾನು ಗದರಿದೆ. ಒಂದು ದಿನ ಹಿಂದಿನ ಬೆಂಚಿನಲ್ಲಿ ಒಬ್ಬನನ್ನೇ ಕೂರಿಸಿದೆ. ಅವನ ಅಮ್ಮಿಯನ್ನು ಕರೆಸಿ "ಮನೆಯಲ್ಲಿ ಸ್ವಲ್ಪ ಅಭ್ಯಾಸ ಮಾಡಿಸಿ" ಅಂದೆ. ಆಕೆ ನಾಚಿಕೆಯಿಂದ ತಲೆ ತಗ್ಗಿಸಿ ಕೇಳಿಸಿಕೊಂಡರು. ಗೇಟಿನ ಹತ್ತಿರವೇ ಅವನ ಬೆನ್ನಿಗೆ ಎರಡು ಬಿಟ್ಟು ಕರೆದುಕೊಂಡು ಹೋದರು. ನಾನು ನೋಡುತ್ತಾ ನಿಂತಿದ್ದೆ.

ಆ ವರ್ಷ ಒಂದು ಸೇವಾ ಸಂಸ್ಥೆಯಿಂದ ವಾರಕ್ಕೊಮ್ಮೆ ಒಬ್ಬ ಆಪ್ತ ಸಮಾಲೋಚಕಿ ನಮ್ಮ ಶಾಲೆಗೆ ಬರುತ್ತಿದ್ದರು. ಅವರು ಅವನನ್ನು 'ಯಾಕೆ' ಅಂತ ಕೇಳಲೇ ಇಲ್ಲ. ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು "ನಿಮ್ಮ ಶಾಲೆಯ ಚಿತ್ರ ಬರಿ ನೋಡೋಣ" ಅಂದರು. ಅವನು ಬರೆದ ಶಾಲೆಯಲ್ಲಿ ಎಲ್ಲ ಕೋಣೆಗಳಿಗೂ ಬಾಗಿಲು, ಕಿಟಕಿ ಇದ್ದವು. ಮೂಲೆಯ ಒಂದು ಕೋಣೆಗೆ ಮಾತ್ರ ಪೂರ್ತಿ ಕಪ್ಪು ಬಳಿದಿದ್ದ. "ಇಲ್ಲಿ ಏನಿದೆ?" ಅಂದಾಗ "ನಕ್ಕೋ" ಅಂದನಂತೆ. ಅವರು ಒತ್ತಾಯ ಮಾಡಲಿಲ್ಲ. ಮೂರನೇ ವಾರ ತಾನಾಗಿಯೇ ಬಾಯಿ ಬಿಟ್ಟ. ದೊಡ್ಡ ಕ್ಲಾಸಿನ ಹುಡುಗರು ಅವನನ್ನು ಶೌಚಾಲಯದೊಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದ್ದರು. ಅವತ್ತಿನಿಂದ ಅವನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದ. ಶಾಲೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟಿದ್ದ. ಆದರೂ ಕೆಲವು ದಿನ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಹೊರಗಿನ ಚಿಲಕ ತೆಗೆಸಿದೆವು. ಆ ದೊಡ್ಡ ಹುಡುಗರನ್ನು ಸಮಾಲೋಚಕಿ ಬೇರೆಯಾಗಿ ಕೂರಿಸಿ ಮಾತಾಡಿದರು. ಕೆಲವು ದಿನ ಅವನ ಜೊತೆ ಒಬ್ಬ ಗೆಳೆಯನನ್ನು ಕಳಿಸಿದೆವು. ಒಂದು ತಿಂಗಳಲ್ಲಿ ಎಲ್ಲ ಸರಿಹೋಯಿತು. ಔಷಧಿ ಬೇಕಾಗಲಿಲ್ಲ, ಆಸ್ಪತ್ರೆ ಬೇಕಾಗಲಿಲ್ಲ. ದಿನಕ್ಕೆ ಐದು ಗಂಟೆ ಅವನ ಮುಂದೆ ನಿಂತು ಪಾಠ ಮಾಡುವ ನನಗೆ ತಿಳಿಯದ್ದು, ವಾರಕ್ಕೊಮ್ಮೆ ಬರುವವರಿಗೆ ಹೇಗೆ ತಿಳಿಯಿತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಓದಿ, ಕೇಳಿ, ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಸಮಾಲೋಚಕರು ಅಂದರೆ ಯಾರು?

ನಮ್ಮ ಊರಿನಲ್ಲಿ ಕೌನ್ಸಿಲರ್ ಅಂದ್ರೆ ಮುನಿಸಿಪಾಲಿಟಿಯ ನಗರಸೇವಕರು. "ನಾಳೆ ಕೌನ್ಸೆಲರ್ ಬರ್ತಾರೆ, ಪಾಲಕರು ಬನ್ನಿ" ಅಂತ ಚೀಟಿ ಕಳಿಸಿದಾಗ ಒಬ್ಬ ತಾಯಿ ನಲ್ಲಿ ನೀರಿನ ಅರ್ಜಿ ಬರೆಸಿಕೊಂಡು ಬಂದಿದ್ದರು. ನಾವೆಲ್ಲ ನಕ್ಕೆವು. ಆದರೆ ಶಿಕ್ಷಕರಾದ ನಮಗೂ ಈ ಹುದ್ದೆಯ ಬಗ್ಗೆ ಸ್ಪಷ್ಟ ಕಲ್ಪನೆ ಇರಲಿಲ್ಲ.

ಮರಾಠಿಯಲ್ಲಿ ಇವರಿಗೆ 'ಸಮುಪದೇಶಕ' ಅಂತಾರೆ. ಆ ಪದದಲ್ಲೇ ಉಪದೇಶ ಇದೆ. ಉರ್ದುವಿನ 'ಮುಶೀರ್' ಅಂದರೆ ಮಶ್ವರಾ, ಅಂದರೆ ಸಲಹೆ ಕೊಡುವವರು. ಕನ್ನಡದ 'ಆಪ್ತ ಸಮಾಲೋಚಕ' ಎಂಬ ಪದ ನನಗೆ ಎಲ್ಲಕ್ಕಿಂತ ಸರಿ ಅನಿಸುತ್ತದೆ. ಆಪ್ತರಾಗಿ ಪಕ್ಕದಲ್ಲಿ ಕೂತು ಜೊತೆಗೆ ಆಲೋಚನೆ ಮಾಡುವವರು. ಮಕ್ಕಳಿಗೆ ಉಪದೇಶ ಕೊಡಲು ಮನೆಯಲ್ಲಿ, ಶಾಲೆಯಲ್ಲಿ, ಮದರಸಾದಲ್ಲಿ, ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೇಳಿಸಿಕೊಳ್ಳುವವರು ಕಡಿಮೆ.

ಸಮಾಲೋಚಕರು ಮಾರ್ಕ್ಸ್ ಕೊಡುವವರಲ್ಲ, ಶಿಕ್ಷೆ ಕೊಡುವವರಲ್ಲ, ಮನೆಗೆ ದೂರು ಕಳಿಸುವವರಲ್ಲ. ಅವರ ಮುಂದೆ ನಿಜ ಹೇಳಿದರೆ ಮಗುವಿಗೆ ಏನೂ ನಷ್ಟವಿಲ್ಲ. ನನ್ನ ಮುಂದೆ ಹೇಳಿದರೆ ನಷ್ಟ ಇತ್ತು. ನಾನು ಗದರಬಹುದು, ದೊಡ್ಡ ಹುಡುಗರನ್ನು ಎಲ್ಲರೆದುರು ಕರೆದು ಹೊಡೆಯಬಹುದು, ಅವರು ಸಂಜೆ ಗಲ್ಲಿಯಲ್ಲಿ ಇವನನ್ನು ಹಿಡಿಯಬಹುದು. ಏಳು ವರ್ಷದ ಹುಡುಗ ಇಷ್ಟೆಲ್ಲ ಲೆಕ್ಕ ಹಾಕಿ ಸುಮ್ಮನಿದ್ದ.

ಎರಡನೇ ಕಾರಣ ವಯಸ್ಸು. ಆರರಿಂದ ಹತ್ತು ವರ್ಷದ ಮಗುವಿಗೆ "ನನಗೆ ಹೆದರಿಕೆ ಆಗ್ತಿದೆ, ಇಂಥ ಕಾರಣಕ್ಕೆ" ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಅದು ಹೊಟ್ಟೆನೋವು ಅನ್ನುತ್ತದೆ. ಸೋಮವಾರ ಬೆಳಗ್ಗೆ ವಾಂತಿ ಮಾಡುತ್ತದೆ. ಪಕ್ಕದವನಿಗೆ ಹೊಡೆಯುತ್ತದೆ. ಖಿಚಡಿ ತಟ್ಟೆ ಮುಟ್ಟುವುದಿಲ್ಲ. ಇದ್ದಕ್ಕಿದ್ದ ಹಾಗೆ ಬರವಣಿಗೆ ಕೆಡುತ್ತದೆ. ನಾವು ಇದನ್ನೆಲ್ಲ ಸೋಮಾರಿತನ, ತುಂಟತನ, ನಾಟಕ ಅಂತ ಬಗೆಯುತ್ತೇವೆ. ತರಬೇತಿ ಆದವರು ಹಿಂದೆ ಏನಿರಬಹುದು ಅಂತ ಹುಡುಕುತ್ತಾರೆ. ಮಾತಿನ ಬದಲು ಚಿತ್ರ, ಮಣ್ಣು, ಗೊಂಬೆ, ಕತೆ, ಆಟ ಬಳಸುತ್ತಾರೆ.

ದಿನದ ಕೆಲಸ ಏನು?

ಸಮಾಲೋಚಕರು ಒಂದು ಕೋಣೆಯಲ್ಲಿ ಕೂತು 'ತೊಂದರೆಯ ಮಕ್ಕಳಿಗಾಗಿ' ಕಾಯುತ್ತಾರೆ ಅಂತ ಹಲವರು ಅಂದುಕೊಂಡಿದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಅವರ ಹೆಚ್ಚಿನ ಕೆಲಸ ಕೋಣೆಯ ಹೊರಗೆ.

ಮೊದಲನೆಯದು, ಎಲ್ಲ ಮಕ್ಕಳ ಜೊತೆ ಕೆಲಸ. ಸಿಟ್ಟು ಬಂದಾಗ ಏನು ಮಾಡಬೇಕು, ಗೆಳೆಯ ಕಾಡಿಸಿದರೆ ಯಾರಿಗೆ ಹೇಳಬೇಕು, ಒಳ್ಳೆಯ ಸ್ಪರ್ಶ ಯಾವುದು, ಕೆಟ್ಟದ್ದು ಯಾವುದು ಎಂಬುದನ್ನು ಕ್ಲಾಸಿನಲ್ಲೇ ಆಟದ ಮೂಲಕ ಕಲಿಸುವುದು. ಎರಡನೆಯದು, ಒಂದೇ ರೀತಿಯ ಕಷ್ಟ ಇರುವ ನಾಲ್ಕೈದು ಮಕ್ಕಳ ಸಣ್ಣ ಗುಂಪು. ಬೇರೆ ಊರಿನಿಂದ ಹೊಸದಾಗಿ ಬಂದವರು, ತಂದೆ ಅಥವಾ ತಾಯಿಯನ್ನು ಕಳೆದುಕೊಂಡವರು. ಮೂರನೆಯದು, ಒಂದೊಂದೇ ಮಗುವಿನ ಜೊತೆ ಮಾತುಕತೆ. ಇದರ ಜೊತೆಗೆ ಶಿಕ್ಷಕರಿಗೂ ಪಾಲಕರಿಗೂ ದಾರಿ ತೋರಿಸುವುದು, ತನ್ನ ಕೈಮೀರಿದ್ದನ್ನು ಸರಿಯಾದ ವೈದ್ಯರ ಹತ್ತಿರ ಕಳಿಸುವುದು.

ಈ ಕೊನೆಯ ಕೆಲಸ ಬಹಳ ಮುಖ್ಯ. ಸಮಾಲೋಚಕರು ವೈದ್ಯರಲ್ಲ, ಮಾತ್ರೆ ಬರೆದುಕೊಡುವಂತಿಲ್ಲ. ಓದಲು ಬಾರದ ಮಗುವಿಗೆ ಮೊದಲು ಬೋರ್ಡ್ ಕಾಣುತ್ತದೆಯೇ, ಕಿವಿ ಕೇಳಿಸುತ್ತದೆಯೇ ಅಂತ ನೋಡಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ತಪಾಸಣೆಗೆ ಬರುತ್ತದೆ. ಕಣ್ಣು, ಕಿವಿ ಸರಿಯಿದ್ದೂ ಅಕ್ಷರ ಹಿಡಿಯದಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. 2007ರಲ್ಲಿ 'ತಾರೇ ಜಮೀನ್ ಪರ್' ನೋಡಿ ನಾವೆಲ್ಲ ಅತ್ತೆವು. ಆದರೆ ನಮ್ಮ ಕ್ಲಾಸಿನ ಅಂಥ ಮಗುವಿಗೆ 'ಮಂದ' ಅಂತಲೇ ಕರೆಯುತ್ತಾ ಬಂದೆವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಅದರಲ್ಲಿ ಕಲಿಕಾ ನ್ಯೂನತೆಯೂ ಆಟಿಸಂ ಕೂಡ ಸೇರಿವೆ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಅಂಬರನಾಥದಿಂದ ಅಲ್ಲಿಗೆ ಲೋಕಲ್‌ನಲ್ಲಿ ಹೋಗಿ ಬರುವುದು ಅಂದರೆ ದಿನಗೂಲಿಯವರಿಗೆ ಒಂದು ದಿನದ ಕೂಲಿ ಹೋದಂತೆ. ಒಂದೇ ಸಲಕ್ಕೆ ಕೆಲಸ ಮುಗಿಯುವುದೂ ಇಲ್ಲ. ಯಾವ ಮಗುವನ್ನು ಕಳಿಸಬೇಕು, ಯಾವುದಕ್ಕೆ ಬೇಡ ಅಂತ ಶಾಲೆಯಲ್ಲೇ ಹೇಳಬಲ್ಲವರು ಇದ್ದರೆ ಆ ಬಡಪಾಯಿ ತಂದೆಯ ಅಲೆದಾಟ ಅರ್ಧ ಉಳಿಯುತ್ತದೆ.

ಕಾಯ್ದೆ ಏನು ಹೇಳುತ್ತದೆ?

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ನಾನು ಆ ಹುಡುಗನನ್ನು ಹಿಂದಿನ ಬೆಂಚಿನಲ್ಲಿ ಒಬ್ಬನನ್ನೇ ಕೂರಿಸಿದ್ದೂ ಅದರ ಅಡಿಯಲ್ಲೇ ಬರುತ್ತದೆ, ಒಪ್ಪಿಕೊಳ್ಳಬೇಕು. 29ನೇ ಸೆಕ್ಷನ್ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತಗೊಳಿಸಬೇಕು ಎನ್ನುತ್ತದೆ. ಇಷ್ಟು ಒಳ್ಳೆಯ ಮಾತು ಹೇಳಿದ ಅದೇ ಕಾಯ್ದೆಯ ಅನುಸೂಚಿ ತೆರೆದು ನೋಡಿ. ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಐದು ಶಿಕ್ಷಕರು ಮತ್ತು ಒಬ್ಬ ಮುಖ್ಯಶಿಕ್ಷಕರು, ಗಂಡುಮಕ್ಕಳಿಗೆ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಗ್ರಂಥಾಲಯ, ಎಲ್ಲ ಇದೆ. ಸಮಾಲೋಚಕರ ಹುದ್ದೆ ಇಲ್ಲ. ಶೌಚಾಲಯ ಇರಲೇಬೇಕು ಅಂತ ಕಾಯ್ದೆ ಹೇಳಿತು. ಮಗು ಅಲ್ಲಿಗೆ ಯಾಕೆ ಹೋಗುತ್ತಿಲ್ಲ ಅಂತ ಕೇಳುವವರನ್ನು ಕೊಡಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ಹೆಜ್ಜೆ ಮುಂದೆ ಹೋಯಿತು. ಶಾಲೆಗಳಿಗೆ ಅಥವಾ ಹತ್ತಿರದ ಶಾಲೆಗಳ ಗುಂಪಿಗೆ ಸಮಾಲೋಚಕರು, ಸಮಾಜ ಕಾರ್ಯಕರ್ತರು ಇರಬೇಕು ಅಂತ ಹೇಳಿತು. ಆದರೆ ನೀತಿ ಬೇರೆ, ನೇಮಕಾತಿ ಬೇರೆ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಸುಕದೇಬ್ ಸಾಹಾ ಪ್ರಕರಣದಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಕನಿಷ್ಠ ಒಬ್ಬರಾದರೂ ಇರಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಅಧಿಕೃತವಾಗಿ ಸಂಪರ್ಕ ಇಟ್ಟುಕೊಳ್ಳಬೇಕು. ಶಿಕ್ಷಕರಿಗೂ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಇದು ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದ ಒಬ್ಬ ವಿದ್ಯಾರ್ಥಿನಿಯ ಸಾವಿನ ಪ್ರಕರಣದಿಂದ ಬಂದ ತೀರ್ಪು. ಹಾಗಾಗಿ ಚರ್ಚೆಯೆಲ್ಲ ಕೋಚಿಂಗ್ ಸೆಂಟರ್, ಕಾಲೇಜುಗಳ ಸುತ್ತಲೇ ನಡೆಯಿತು. ಆದರೆ ತೀರ್ಪಿನಲ್ಲಿ ಶಾಲೆಗಳೂ ಸೇರಿವೆ. ನಮ್ಮ ಒಂದನೇ ಕ್ಲಾಸಿನ ಮಗುವೂ ಅದರಲ್ಲಿದೆ. ಇದು ಬಹಳ ಪಾಲಕರಿಗೆ ಗೊತ್ತಿಲ್ಲ.

'ಠಾಣೆಗೆ ಕಳಿಸಬೇಕು'

ಹುದ್ದೆ ಬಂದ ಮಾತ್ರಕ್ಕೆ ಪಾಲಕರು ಒಪ್ಪುತ್ತಾರೆ ಅಂತಲ್ಲ. ಠಾಣೆಯಲ್ಲಿ 1901ರಿಂದ ಮಾನಸಿಕ ಆಸ್ಪತ್ರೆ ಇದೆ. ಈ ಭಾಗದಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನನ್ನು ಠಾಣೆಗೆ ಕಳಿಸಬೇಕು" ಅಂತಾರೆ. ನಮ್ಮ ಊರ ಕಡೆ "ಧಾರವಾಡಕ್ಕೆ ಕಳಿಸಬೇಕು" ಅನ್ನುವ ಹಾಗೆ. "ನಿಮ್ಮ ಮಗಳನ್ನು ಸಮಾಲೋಚಕರು ನೋಡಲಿ" ಅಂದರೆ ತಾಯಿಗೆ ಮೊದಲು ನೆನಪಾಗುವುದು ಆ ಮಾತು. "ನನ್ನ ಬಚ್ಚಿ ಪಾಗಲ್ ಅಲ್ಲ ಟೀಚರ್" ಅಂತ ಒಬ್ಬರು ನನ್ನೆದುರೇ ಅತ್ತಿದ್ದಾರೆ.

ನಜರ್ ತಗಲಿದೆ ಅಂತ ತಾವೀಜ್ ಕಟ್ಟಿಸಿಕೊಂಡು ಬರುವವರೂ ಇದ್ದಾರೆ. ನಾನು ಅವರ ಜೊತೆ ವಾದ ಮಾಡುವುದಿಲ್ಲ. ದುಆ ಮಾಡಿ, ತಪ್ಪೇನಿಲ್ಲ. ಜ್ವರ ಬಂದಾಗ ದುಆ ಮಾಡುತ್ತಾ ಡಾಕ್ಟರ ಹತ್ತಿರವೂ ಹೋಗ್ತೀರಲ್ಲ, ಇದೂ ಹಾಗೇ ಅನ್ನುತ್ತೇನೆ. ಆದರೆ ಜಿನ್ ಹಿಡಿದಿದೆ ಅಂತ ಮಗುವಿಗೆ ಹೊಡೆಯುವವರ ಬಳಿ, ಹೊಗೆ ಹಾಕುವವರ ಬಳಿ ಒಯ್ಯುವುದು ಮಾತ್ರ ಬೇಡವೇ ಬೇಡ. ಅದು ಮೊದಲೇ ಹೆದರಿದ ಮಗುವನ್ನು ಇನ್ನಷ್ಟು ಹೆದರಿಸುತ್ತದೆ.

ಮಾತು ಮೆತ್ತಗಿದ್ದರೆ ಜನ ಬರುತ್ತಾರೆ ಎಂಬುದಕ್ಕೆ ಇದೇ ಠಾಣೆಯಲ್ಲಿ ಉದಾಹರಣೆ ಇದೆ. ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಶುರುಮಾಡಿದ ಐ.ಪಿ.ಎಚ್. ಸಂಸ್ಥೆಯಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಸಾಮಾನ್ಯ ಜನರ ಜೊತೆ, ಪಾಲಕರ ಜೊತೆ ಸರಳ ಭಾಷೆಯಲ್ಲಿ ಮಾತಾಡುವ ಕೆಲಸ ನಡೆಯುತ್ತಾ ಬಂದಿದೆ.

ಗುಟ್ಟು ಎಲ್ಲಿಯವರೆಗೆ?

ಮಗು ಹೇಳಿದ್ದು ಸ್ಟಾಫ್‌ರೂಮಿನ ಚಹಾದ ಜೊತೆ ಹಂಚಿಕೆಯಾಗಬಾರದು. ಒಂದು ಸಲ ಹಾಗಾದರೆ ಆ ಶಾಲೆಯಲ್ಲಿ ಯಾವ ಮಗುವೂ ಮತ್ತೆ ಬಾಯಿ ಬಿಡುವುದಿಲ್ಲ. ಆದರೆ ಎಲ್ಲವನ್ನೂ ಗುಟ್ಟಾಗಿ ಇಡುವಂತೆಯೂ ಇಲ್ಲ.

ಅಂಬರನಾಥದಿಂದ ಕರ್ಜತ್ ಕಡೆಗೆ ಮುಂದಿನ ಸ್ಟೇಷನ್ ಬದಲಾಪುರ. 2024ರ ಆಗಸ್ಟ್‌ನಲ್ಲಿ ಅಲ್ಲಿನ ಒಂದು ಶಾಲೆಯ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ಶಾಲೆಯೊಳಗೇ ಲೈಂಗಿಕ ದೌರ್ಜನ್ಯ ನಡೆದ ಸುದ್ದಿ ಬಂತು. ಆಗಸ್ಟ್ 20ರಂದು ಜನ ಹಳಿಗಿಳಿದು ಗಂಟೆಗಟ್ಟಲೆ ರೈಲು ತಡೆದರು. ಅವತ್ತು ನಮ್ಮ ಶಾಲೆಯ ತಾಯಂದಿರು ಮಧ್ಯಾಹ್ನವೇ ಬಂದು ಮಕ್ಕಳನ್ನು ಎದೆಗವುಚಿಕೊಂಡು ಕರೆದುಕೊಂಡು ಹೋದದ್ದು ಇನ್ನೂ ಕಣ್ಣಮುಂದೆ ಇದೆ. ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲ ಎಂದು ಶಾಲೆಯನ್ನು ನಡೆಸುವವರ ಮೇಲೂ ಪ್ರಕರಣ ದಾಖಲಾಯಿತು.

2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಇಂಥದ್ದು ನಡೆದಿದೆ ಅಂತ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಶಿಕ್ಷಕರು, ಸಮಾಲೋಚಕರು, ವೈದ್ಯರು, ಯಾರಿಗೂ ವಿನಾಯಿತಿ ಇಲ್ಲ. ಶಾಲೆಯ ಹೆಸರು ಕೆಡುತ್ತದೆ, ಹುಡುಗಿಯ ಮದುವೆಗೆ ತೊಂದರೆ ಅಂತ ಮುಚ್ಚಿಡುವುದು ಅಪರಾಧ. ಹಾಗೆಯೇ ಮಗುವನ್ನು ಹೆಡ್‌ಮಾಸ್ಟರ್ ಒಮ್ಮೆ, ಟ್ರಸ್ಟಿ ಒಮ್ಮೆ, ಟೀಚರ್ ಒಮ್ಮೆ ಕೂರಿಸಿ ವಿಚಾರಣೆ ಮಾಡಬಾರದು. ಮಗು ಇರುವಲ್ಲಿಗೇ ಬಂದು, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಹೇಳಿಕೆ ಪಡೆಯಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಅಲ್ಲಿಯವರೆಗೆ ನಮ್ಮ ಕೆಲಸ ಮಗುವನ್ನು ನಂಬುವುದು, "ನಿನ್ನ ತಪ್ಪಿಲ್ಲ" ಅಂತ ಹೇಳುವುದು, ಮನೆಯವರ ಜೊತೆ ನಿಲ್ಲುವುದು.

ಯಾವ ಭಾಷೆಯಲ್ಲಿ?

ಒಮ್ಮೆ ಹತ್ತಿರದ ಮರಾಠಿ ಶಾಲೆಯಿಂದ ನನ್ನನ್ನು ಕರೆದರು. ಯಾದಗಿರಿ ಕಡೆಯಿಂದ ಬಂದ ಕೂಲಿಯವರ ಮಗಳು, ಒಂದನೇ ಕ್ಲಾಸು, ಎರಡು ತಿಂಗಳಿಂದ ಒಂದೇ ಒಂದು ಮಾತಾಡಿಲ್ಲ. ಕಿವಿ ಕೇಳಿಸುವುದಿಲ್ಲವೇನೋ, ಬುದ್ಧಿ ಬೆಳೆದಿಲ್ಲವೇನೋ ಅಂತ ಅನುಮಾನ. ನಾನು ಪಕ್ಕದಲ್ಲಿ ಕೂತು "ನಿಮ್ಮ ಊರಾಗ ಯಾರ್ಯಾರು ಅದಾರವ್ವ?" ಅಂದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಜ್ಜಿ, ಆಡು, ಆಡಿನ ಎರಡು ಮರಿ, ಎಲ್ಲದರ ಸುದ್ದಿ ಹೇಳಿದಳು. ಅಜ್ಜಿಯನ್ನು ಬಿಟ್ಟು ಬಂದ ಸಂಕಟ ಅವಳಿಗೆ. ಹೇಳಲು ಅಲ್ಲಿ ಯಾರಿಗೂ ಅವಳ ಮಾತು ಬರುತ್ತಿರಲಿಲ್ಲ.

ನಮ್ಮ ಉರ್ದು ಶಾಲೆಯಲ್ಲೂ ಈ ಸಮಸ್ಯೆ ಇದೆ. ಮನೆಯಲ್ಲಿ ಮಗು 'ಹೌ', 'ನಕ್ಕೋ' ಅನ್ನುವ ದಖನಿ ಮಾತಾಡುತ್ತದೆ. ಪುಸ್ತಕದ ಉರ್ದು ಬೇರೆ, ರಸ್ತೆಯ ಮರಾಠಿ ಬೇರೆ, ಮೊಬೈಲಿನ ಹಿಂದಿ ಬೇರೆ. ತಿದ್ದಿದ ಭಾಷೆಯಲ್ಲಿ ಕೇಳಿದರೆ ಮಗು ತಿದ್ದಿದ ಉತ್ತರವನ್ನೇ ಕೊಡುತ್ತದೆ, "ಜೀ, ಸಬ್ ಠೀಕ್ ಹೈ" ಅಂತ. ಹಾಗಾಗಿ ಈ ಊರುಗಳಿಗೆ ಸಮಾಲೋಚಕರನ್ನು ನೇಮಿಸುವಾಗ ಪದವಿಯ ಜೊತೆ ಭಾಷೆಯನ್ನೂ ನೋಡಬೇಕು. ಮಗುವಿನ ಅಣ್ಣ ಅಥವಾ ಅಕ್ಕನನ್ನು ಅನುವಾದಕ್ಕೆ ಕೂರಿಸಬಾರದು. ಮನೆಯ ವಿಷಯ ಇದ್ದರೆ ಅಲ್ಲಿಗೇ ಬಾಯಿ ಕಟ್ಟುತ್ತದೆ.

ಅಲ್ಲಿಯವರೆಗೆ ನಾವು?

ಸಮಾಲೋಚಕರು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನಾನು ಈಗ ಮಾಡುತ್ತಿರುವುದು ಇಷ್ಟು. ಮಗುವಿನ ನಡತೆ ಬದಲಾದರೆ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡುತ್ತೇನೆ. ಯಾವ ವಾರ, ಯಾವ ಪೀರಿಯಡ್ ಅಂತ ನೋಡಿದರೆ ಎಷ್ಟೋ ಸಲ ಕಾರಣ ಅಲ್ಲೇ ಸಿಗುತ್ತದೆ. ಎಲ್ಲರೆದುರು ಕೇಳುವುದಿಲ್ಲ. 'ಯಾಕೆ ಮಾಡಿದೆ' ಅನ್ನುವ ಬದಲು 'ಏನಾಯ್ತು' ಅನ್ನುತ್ತೇನೆ. ಪಾಲಕರಿಗೆ ದೂರು ಹೇಳುವ ಮೊದಲು ಮಗುವಿನ ಒಂದು ಒಳ್ಳೆಯ ಗುಣ ಹೇಳುತ್ತೇನೆ. ಹೀಗೆ ಮಾಡಿದರೆ ಗೇಟಿನ ಹತ್ತಿರ ಪೆಟ್ಟು ಬೀಳುವುದು ಕಡಿಮೆಯಾಗಿದೆ.

ನಾನು ಮಾಡದಿರುವುದೂ ಇದೆ. ನನ್ನ ಬಿ.ಎಡ್.ನಲ್ಲಿ ಮನೋವಿಜ್ಞಾನದ ಪೇಪರ್ ಇತ್ತು ಅಂತ ನಾನು ಸಮಾಲೋಚಕಿ ಆಗುವುದಿಲ್ಲ. ಮಗುವಿಗೆ ನಾನೇ ಕಾಯಿಲೆಯ ಹೆಸರು ಕೊಡುವುದಿಲ್ಲ. ಗೊತ್ತಾಗದಿದ್ದರೆ ಕೇಳುತ್ತೇನೆ. ಸರ್ಕಾರದ ಟೆಲಿ ಮಾನಸ್ 14416 ಸಂಖ್ಯೆಗೆ ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ಮಾಡುತ್ತಿದೆ. ಸಂಕಷ್ಟದಲ್ಲಿರುವ ಮಕ್ಕಳಿಗೆ 1098 ಇದೆ. ಎರಡೂ ಸಂಖ್ಯೆಗಳನ್ನು ನಮ್ಮ ಶಾಲೆಯ ಗೋಡೆಯಲ್ಲಿ ಮಕ್ಕಳ ಎತ್ತರಕ್ಕೆ ಬರೆಸಿದ್ದೇವೆ.

ಪಾಲಕರು ಮಾಡಬಹುದಾದ ದೊಡ್ಡ ಕೆಲಸ ಒಂದಿದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಕರ್ನಾಟಕದಲ್ಲಿ ಎಸ್.ಡಿ.ಎಂ.ಸಿ. ಅನ್ನುತ್ತೇವಲ್ಲ, ಅದೇ. ಈ ಸಭೆಗಳಲ್ಲಿ ಬೆಂಚು, ನೀರಿನ ಟ್ಯಾಂಕ್, ಕಾಂಪೌಂಡ್ ವಿಷಯ ಬರುತ್ತದೆ. ಮುಂದಿನ ಸಭೆಯಲ್ಲಿ "ಸುಪ್ರೀಂ ಕೋರ್ಟ್ ಹೇಳಿದ ಸಮಾಲೋಚಕರು ನಮ್ಮ ಶಾಲೆಗೆ ಯಾವಾಗ ಬರುತ್ತಾರೆ?" ಅಂತ ಒಬ್ಬರು ಕೇಳಿ, ಅದನ್ನು ಠರಾವಿನಲ್ಲಿ ಬರೆಸಿ. ಒಂದು ಶಾಲೆಗೆ ಒಬ್ಬರನ್ನು ಇಟ್ಟುಕೊಳ್ಳಲು ಆಗದಿದ್ದರೆ ಅಕ್ಕಪಕ್ಕದ ಮೂರು ನಾಲ್ಕು ಶಾಲೆಗಳು ಸೇರಿ ಒಬ್ಬರನ್ನು ಕೇಳಬಹುದು. ವಾರಕ್ಕೆ ಒಂದು ದಿನ ಸಿಕ್ಕರೂ ಅದು ಸಣ್ಣದಲ್ಲ. ನನ್ನ ಹುಡುಗನಿಗೆ ಸಿಕ್ಕಿದ್ದು ಮೂರೇ ದಿನ.

ಅವನು ಈಗ ಹೈಸ್ಕೂಲಿಗೆ ಹೋಗಿದ್ದಾನೆ. ದಾರಿಯಲ್ಲಿ ಸಿಕ್ಕರೆ ಸಲಾಂ ಹೇಳುತ್ತಾನೆ. ಆ ದಿನಗಳು ಅವನಿಗೆ ನೆನಪಿವೆಯೋ ಇಲ್ಲವೋ, ನಾನು ಕೇಳಿಲ್ಲ. ಹಿಂದಿನ ಬೆಂಚು ಮಾತ್ರ ನನಗೆ ಚೆನ್ನಾಗಿ ನೆನಪಿದೆ.